ಹಳೆಯ ಕಾರು ಮಾತಾಡುತ್ತಿತ್ತು ಎನ್ನುವವರಿಗೆ

ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬರೆಯುವವರೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ಆ ಕಾರುಗಳು ಚಾಲಕನೊಡನೆ ಮಾತಾಡುತ್ತಿದ್ದವು, ಇಂದಿನವು ಮೂಕ. 1960ರ ದಶಕದ ಲೋಟಸ್, ಜಾಗ್ವಾರ್, ಪೋರ್ಷೆಗಳಿಗೆ ಆತ್ಮವಿತ್ತು, ಈಗಿನವುಗಳಲ್ಲಿ ಕಂಪ್ಯೂಟರ್ ಇದೆ. ಅಂದು ಮನುಷ್ಯ ಕಾರು ಓಡಿಸುತ್ತಿದ್ದ, ಇಂದು ಕಾರು ಮನುಷ್ಯನನ್ನು ಕೂರಿಸಿಕೊಂಡು ಹೋಗುತ್ತದೆ. ಇಂಗ್ಲಿಷ್ ಪತ್ರಿಕೆಗಳು, ಟಾಪ್ ಗೇರ್ ಥರದ ಕಾರ್ಯಕ್ರಮಗಳು, ಯೂಟ್ಯೂಬ್ ಚಾನೆಲ್ಲುಗಳು ಹಾಡಿ ಹಾಡಿ ಸವೆಸಿದ ಈ ಪಲ್ಲವಿ ಈಗ ನಮ್ಮ ಹಾಸ್ಟೆಲ್ ಕೋಣೆಗಳವರೆಗೂ ಬಂದಿದೆ. ಇದರ ಮೇಲೆ ನನಗೆ ತಕರಾರಿದೆ. ಈ ಮಾತು ಅರ್ಧ ನಿಜ. ಉಳಿದರ್ಧ, ಅಪಾಯಕ್ಕೆ ಗುಣದ ವೇಷ ಹಾಕಿಸಿ ಕುಣಿಸುವ ಸುಳ್ಳು.

ಇಂಗ್ಲಿಷಿನವರು 'ಹ್ಯಾಂಡ್ಲಿಂಗ್' ಎನ್ನುವುದಕ್ಕೆ ಕನ್ನಡದಲ್ಲಿ ಒಂಟಿ ಪದವಿಲ್ಲ. ಆದರೆ ನಮ್ಮ ಡ್ರೈವರುಗಳ ಬಾಯಲ್ಲಿ ಅದಕ್ಕೊಂದು ನುಡಿಗಟ್ಟಿದೆ: 'ಗಾಡಿ ಹೇಳಿದ ಹಾಗೆ ಕೇಳುತ್ತೆ.' ಎತ್ತಿರಲಿ, ಲಾರಿಯಿರಲಿ, ಒಳ್ಳೆಯದೆಂದರೆ ಮಾತು ಕೇಳುವಂಥದು, ಕೆಟ್ಟದ್ದೆಂದರೆ ಕೈಕೊಡುವಂಥದು. ಗಾಡಿ ಎಷ್ಟು ಚೆನ್ನಾಗಿ ಮಾತಾಡುತ್ತದೆ ಎಂದು ಅವರು ಅಳೆಯುವುದಿಲ್ಲ. ಮಾತಾಡುವ ಕಾರನ್ನು ಹೊಗಳುವವರು ಕೈಕೊಡುವ ಕಾರಿನ ವಿಷಯ ಬಂದಾಗ ಮೆಲ್ಲಗೆ ಮಾತು ಬದಲಿಸುತ್ತಾರೆ. ಆ ಬದಲಿಸಿದ ಜಾಗದಲ್ಲೇ ನನ್ನ ಜಗಳವಿರುವುದು.

'ನೀನೇನು 911 ಓಡಿಸಿದ್ದೀಯಾ?' ಎಂದು ಕೇಳುವವರಿದ್ದಾರೆ. ಓಡಿಸಿಲ್ಲ. ಫೆಲೋಶಿಪ್ ಹಣದಲ್ಲಿ ಬದುಕುವ ಸಂಶೋಧನಾ ವಿದ್ಯಾರ್ಥಿಗೆ ಅದರ ಒಂದು ಟೈರೂ ಎಟುಕುವುದಿಲ್ಲ. ಆದರೆ ನಮ್ಮ ನಡುವೆ ಈ ವಿಲಾಪ ಮಾಡುವವರಲ್ಲಿ ಎಷ್ಟು ಮಂದಿ ಓಡಿಸಿದ್ದಾರೆ? ಅವರು ಓದಿದ್ದಾರೆ, ನೋಡಿದ್ದಾರೆ, ಗ್ರಾನ್ ಟುರಿಸ್ಮೋ ಆಡಿದ್ದಾರೆ. ಹಳೆಯ ಕಾರಿನ 'ಫೀಲ್' ಎಂಬುದು ನಮ್ಮ ಪಾಲಿಗೆ ಅಂಗೈಯ ಅನುಭವವಾಗಿ ಬಂದದ್ದಲ್ಲ. ಅದು ನಮಗೆ ಬಂದಿರುವುದು ಒಂದು ಸಾಹಿತ್ಯ ಪ್ರಕಾರವಾಗಿ. ಸಾಹಿತ್ಯವನ್ನು ಅನುಮಾನದಿಂದ ಓದುವುದು ನನ್ನ ಕಸುಬು. ಅಷ್ಟರ ಮಟ್ಟಿಗೆ ನನಗೆ ಇಲ್ಲಿ ಹಕ್ಕಿದೆ.

ಮೊದಲು ಅರ್ಧ ನಿಜವನ್ನು ಒಪ್ಪಿಕೊಳ್ಳೋಣ. 1962ರಲ್ಲಿ ಬಂದ ಲೋಟಸ್ ಎಲಾನ್ ಅನ್ನೇ ತೆಗೆದುಕೊಳ್ಳಿ. ಫೈಬರ್‌ಗ್ಲಾಸಿನ ಮೈ, ನಡುವೆ ಬೆನ್ನೆಲುಬಿನಂಥ ಉಕ್ಕಿನ ಚಾಸಿ, ಒಟ್ಟು ತೂಕ 700 ಕೆಜಿಯೊಳಗೆ. ಸ್ಪೋರ್ಟ್ಸ್ ಕಾರೆಂದರೆ ಸ್ಪ್ರಿಂಗುಗಳು ಕಲ್ಲಿನಂತಿರಬೇಕು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಕಾಲಿನ್ ಚಾಪ್ಮನ್ ಮೆತ್ತನೆಯ ಸ್ಪ್ರಿಂಗ್ ಹಾಕಿ, ಚಕ್ರಗಳು ನೆಲ ಬಿಡದಂತೆ ನೋಡಿಕೊಂಡ. ಸ್ಟಿಯರಿಂಗಿಗೆ ಯಾವ ಮೋಟಾರಿನ ನೆರವೂ ಇರಲಿಲ್ಲ. ಕಾರೇ ಹಗುರವಾಗಿದ್ದರಿಂದ ನೆರವು ಬೇಕಾಗಿಯೂ ಇರಲಿಲ್ಲ.

ಅಂಥ ಸ್ಟಿಯರಿಂಗ್ ಹೇಳುತ್ತಿದ್ದುದೇನು? ಕಾರು ತಿರುವಿನಲ್ಲಿರುವಾಗ ಮುಂದಿನ ಟೈರಿನ ರಬ್ಬರು ನೆಲ ಕಚ್ಚಿದ ಜಾಗದಲ್ಲಿ ತಿರುಚಿಕೊಳ್ಳುತ್ತದೆ. ಪಕ್ಕದಿಂದ ತಳ್ಳುವ ಬಲ ಚಕ್ರದ ನಡುಬಿಂದುವಿಗಿಂತ ಸ್ವಲ್ಪ ಹಿಂದೆ ಬೀಳುವುದರಿಂದ, ಚಕ್ರ ತನ್ನಷ್ಟಕ್ಕೆ ನೇರವಾಗಲು ಎಳೆಯುತ್ತದೆ. ಆ ಎಳೆತವೇ ಚಾಲಕನ ಅಂಗೈಗೆ ಭಾರವಾಗಿ ಬರುವುದು. ಟೈರಿನ ಹಿಡಿತ ಮುಗಿಯುವ ಹಂತ ಹತ್ತಿರವಾದಂತೆ, ಪೂರ್ತಿ ಜಾರುವುದಕ್ಕೆ ತುಸು ಮೊದಲೇ, ಈ ಎಳೆತ ಸಡಿಲವಾಗುತ್ತದೆ; ಸ್ಟಿಯರಿಂಗ್ ಹಗುರವಾಗುತ್ತದೆ. ಇನ್ನು ಸಾಕು, ಮುಂದೆ ಜಾರುತ್ತೇನೆ ಎಂಬ ಸೂಚನೆ ಅದು. ಇದನ್ನು ಮಾತು ಎಂದು ಕರೆದವರನ್ನು ನಾನು ದೂರುವುದಿಲ್ಲ. ಅಂದಿನ ಸಣ್ಣ ಟೈರುಗಳ ಹಿಡಿತವೇ ಕಡಿಮೆಯಾದ್ದರಿಂದ ಈ ಸಂವಾದ ಸಾಧಾರಣ ವೇಗದಲ್ಲೇ ಶುರುವಾಗುತ್ತಿತ್ತು. ಹಿಡಿತ ಒಮ್ಮೆಲೇ ಕಡಿದು ಬೀಳದೆ ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ಇಂದಿನ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗಿನಲ್ಲಿ ಮೋಟಾರೇ ಬಹುಪಾಲು ಕೆಲಸ ಮಾಡುತ್ತದೆ, ಚಾಲಕನ ಕೈಗೆ ಎಷ್ಟು ಭಾರ ತಲುಪಬೇಕೆಂಬುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. 2011ರಲ್ಲಿ ಪೋರ್ಷೆ 911 ಈ ವ್ಯವಸ್ಥೆಗೆ ಬದಲಾದಾಗ ವಿಮರ್ಶಕರು ಗೊಣಗಿದ್ದಕ್ಕೆ ಕಾರಣವಿತ್ತು.

ಇಷ್ಟನ್ನು ಕೊಟ್ಟಾಯಿತು. ಈಗ ಆ ಕಾರುಗಳು ಆಡಿದ ಬೇರೆ ಮಾತುಗಳನ್ನೂ ಕೇಳೋಣ.

1954ರ ಮರ್ಸಿಡಿಸ್ 300 ಎಸ್‌ಎಲ್, ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆದುಕೊಳ್ಳುವ ಕಾರು, ಇಂದು ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆ ಬಾಳುತ್ತದೆ. ಅದರ ಹಿಂದಿನ ಚಕ್ರಗಳಿದ್ದದ್ದು ಸ್ವಿಂಗ್ ಆ್ಯಕ್ಸಲ್ ಎಂಬ ಜೋಡಣೆಯಲ್ಲಿ. ಇದರಲ್ಲಿ ಚಕ್ರದ ಅಚ್ಚು ಒಳತುದಿಯ ಒಂದೇ ಕೀಲಿನ ಮೇಲೆ ಮೇಲೆ ಕೆಳಗೆ ತೂಗುತ್ತದೆ, ಹೊರತುದಿಗೆ ಚಕ್ರ ನೆಟ್ಟಗೆ ಬಿಗಿದಿರುತ್ತದೆ. ಹೀಗಾಗಿ ಕಾರಿನ ಹಿಂಭಾಗ ಮೇಲೆದ್ದರೆ ಚಕ್ರದ ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ. ತಿರುವಿನ ಮಧ್ಯೆ ಚಾಲಕ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆಗುವುದು ಇದೇ. ಹಿಂಭಾಗ ಏಳುತ್ತದೆ, ಚಕ್ರ ಮಡಚುತ್ತದೆ, ಹಿಡಿತ ಒಮ್ಮೆಲೇ ಹೋಗುತ್ತದೆ, ಬಾಲ ಮುಂದಕ್ಕೆ ಬರುತ್ತದೆ. 1957ರಲ್ಲಿ ಅದೇ ಕಾರಿನ ರೋಡ್‌ಸ್ಟರ್ ರೂಪ ಬಂದಾಗ ಮರ್ಸಿಡಿಸ್ ಈ ಕೀಲನ್ನು ಕೆಳಗಿಳಿಸಿ ದೋಷವನ್ನು ತಗ್ಗಿಸಿತು.

ಬ್ರಿಟನ್ನಿನ ಟ್ರಯಂಫ್ ಸ್ಪಿಟ್‌ಫೈರ್ 1962ರಲ್ಲಿ ಇದೇ ಬಗೆಯ ಆ್ಯಕ್ಸಲ್ ಹೊತ್ತು ಬಂತು. ಅದನ್ನು ಕಟ್ಟಿದ್ದು ಟ್ರಯಂಫ್ ಹೆರಾಲ್ಡ್ ಎಂಬ ಸಾದಾ ಕಾರಿನ ಚಾಸಿಯನ್ನು ಮೊಟಕು ಮಾಡಿ. ಆ ಹೆರಾಲ್ಡ್ ನಮಗೆ ದೂರದ್ದೇನಲ್ಲ: ಮದರಾಸಿನಲ್ಲಿ ತಯಾರಾಗಿ ಸ್ಟಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲೂ ಓಡಿದ ಕಾರು ಅದು. 1970ರ ದಶಕದ ಆರಂಭದಲ್ಲಿ ಅದರ ಉತ್ತರಾಧಿಕಾರಿ ಗೆಜೆಲ್ ಬಂದಾಗ ಸ್ವಿಂಗ್ ಆ್ಯಕ್ಸಲ್ ಬಿಟ್ಟು ಸಾದಾ ಗಟ್ಟಿ ಆ್ಯಕ್ಸಲ್ ಹಾಕಲಾಯಿತು. ಬ್ರಿಟನ್ನಿನಲ್ಲಿ ಸ್ಪಿಟ್‌ಫೈರಿನ ಹಿಂದಿನ ಸ್ಪ್ರಿಂಗನ್ನು ಬದಲಿಸಿ ತಿದ್ದಲು 1970 ಬರಬೇಕಾಯಿತು.

ಅಮೆರಿಕದ ಕಥೆ ಇನ್ನೂ ಚೆನ್ನಾಗಿದೆ. 1960ರ ಷೆವರ್ಲೆ ಕಾರ್ವೇರಿಗೆ ಎಂಜಿನ್ ಹಿಂದೆ, ಆ್ಯಕ್ಸಲ್ ಮತ್ತೆ ಸ್ವಿಂಗ್. ಇದನ್ನು ಸರಿದೂಗಿಸಲು ಕಂಪನಿ ಮುಂದಿನ ಟೈರುಗಳಲ್ಲಿ ಗಾಳಿ ತುಂಬಾ ಕಡಿಮೆ, ಹಿಂದಿನವುಗಳಲ್ಲಿ ಹೆಚ್ಚು ಇರಬೇಕೆಂದು ಸೂಚಿಸಿತು. ಅಂದರೆ ಕುಟುಂಬವೊಂದರ ಸುರಕ್ಷತೆ ನಿಂತದ್ದು ಪೆಟ್ರೋಲ್ ಬಂಕಿನ ಹುಡುಗ ಗಾಳಿ ತುಂಬುವಾಗ ಕೈಪಿಡಿಯ ಮಾತು ನೆನಪಿಟ್ಟುಕೊಳ್ಳುತ್ತಾನೆಯೇ ಎಂಬುದರ ಮೇಲೆ. 1965ರಲ್ಲಿ ರಾಲ್ಫ್ ನೇಡರ್ 'ಅನ್‌ಸೇಫ್ ಎಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯದಲ್ಲೇ ಈ ಕಾರನ್ನು ಕಟಕಟೆಗೆ ತಂದ. ಕಾರ್ವೇರ್ ಅಭಿಮಾನಿಗಳು ಇವತ್ತಿಗೂ ಒಂದು ಉತ್ತರ ಇಟ್ಟುಕೊಂಡಿದ್ದಾರೆ: 1972ರ ಸರ್ಕಾರಿ ವರದಿ ಆ ಕಾರು ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದಾಗಿರಲಿಲ್ಲ ಎಂದಿತಲ್ಲ! ಹೌದು, ಹಾಗೆಯೇ ಹೇಳಿತು. ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಅದು ಕಾರ್ವೇರನ್ನು ಬಿಡುಗಡೆ ಮಾಡುವುದಕ್ಕಿಂತ ಹೆಚ್ಚಾಗಿ ಅದರ ಓರಗೆಯವರನ್ನೆಲ್ಲ ಕಟಕಟೆಗೆ ಕರೆಯುತ್ತದೆ.

ಇನ್ನು ಪೋರ್ಷೆ 911. ಹಳಹಳಿಕೆಯ ಸಾಹಿತ್ಯದ ನಾಯಕ. ಇಲ್ಲಿ ಸ್ವಿಂಗ್ ಆ್ಯಕ್ಸಲ್ ಇಲ್ಲ, ಆದರೆ ಎಂಜಿನ್ ಹಿಂದಿನ ಚಕ್ರಗಳಿಗೂ ಹಿಂದೆ ತೂಗುತ್ತದೆ. ವೇಗವಾಗಿ ತಿರುಗುವಾಗ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಹರಿದು ಹಿಂದಿನ ಟೈರುಗಳು ಹಗುರವಾಗುತ್ತವೆ, ಎಂಜಿನ್ ಗಡಿಯಾರದ ಲೋಲಕದಂತೆ ಹೊರಕ್ಕೆ ಬೀಸುತ್ತದೆ. ಕಾಲು ತೆಗೆಯದೆ ಧೈರ್ಯದಿಂದ ಒತ್ತಿ ಹಿಡಿದವನು ಪಾರಾಗುತ್ತಾನೆ ಎಂದು ಅದರ ಭಕ್ತರು ಹೆಮ್ಮೆಯಿಂದ ಹೇಳುತ್ತಾರೆ. ಆ ಮಾತಿನ ಅರ್ಥ ಏನು? ಹೆದರಿದ ಮನುಷ್ಯ ಸಹಜವಾಗಿ ಏನು ಮಾಡುತ್ತಾನೋ ಅದನ್ನೇ ಈ ಕಾರು ಅಪರಾಧವೆಂದು ಪರಿಗಣಿಸಿ ಶಿಕ್ಷಿಸುತ್ತದೆ.

ಸ್ವತಃ ಪೋರ್ಷೆ ಎಂಜಿನಿಯರುಗಳು ಇದನ್ನು ಆತ್ಮವೆಂದು ಭಾವಿಸಲಿಲ್ಲ. ಆರಂಭದ ಕೆಲವು 911ಗಳ ಮುಂದಿನ ಬಂಪರಿನ ಎರಡೂ ತುದಿಗಳಲ್ಲಿ ತಲಾ 11 ಕೆಜಿಯ ಎರಕದ ಕಬ್ಬಿಣದ ತುಂಡುಗಳನ್ನು ಅಡಗಿಸಿದರು, ಮೂಗು ನೆಲ ಹಿಡಿಯಲಿ ಎಂದು. 1969ರ ಮಾದರಿಗೆ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಆಮೇಲೆ ಸ್ಪಾಯ್ಲರ್, ಆಮೇಲೆ ಅಗಲದ ಟೈರು. ಆ ಕಾರನ್ನು ಕಟ್ಟಿದವರು ದಶಕಗಳ ಕಾಲ ಯಾವುದನ್ನು ತಿದ್ದಲು ಹೆಣಗಿದರೋ ಅದನ್ನೇ ಅಭಿಮಾನಿಗಳು ಕಳೆದುಹೋದ ಆತ್ಮವೆಂದು ಅಳುತ್ತಿದ್ದಾರೆ. 1975ರಲ್ಲಿ ಇದಕ್ಕೆ ಟರ್ಬೋ ಸೇರಿತು. ಪೆಡಲ್ ಒತ್ತಿದಾಗ ಶಕ್ತಿ ಬರುವುದಿಲ್ಲ, ತಿರುವಿನ ನಟ್ಟನಡುವೆ ಇದ್ದಕ್ಕಿದ್ದಂತೆ ಬಂದು ಬೀಳುತ್ತದೆ. ಆ ಕಾರಿಗೆ ಬಂದ ಅಡ್ಡಹೆಸರು 'ವಿಡೋಮೇಕರ್', ಹೆಂಗಸರನ್ನು ವಿಧವೆಯರಾಗಿಸುವಂಥದು. ಈ ಹೆಸರನ್ನು ಇವತ್ತಿಗೂ ಮುದ್ದಿನ ಹೆಸರಿನಂತೆ ಹೇಳುತ್ತಾರೆ. ಆ ಹೆಸರಿನೊಳಗೆ ಕೂತಿರುವ ವಿಧವೆಯನ್ನು ಯಾರಾದರೂ ಮಾತಾಡಿಸಿದ್ದಾರೆಯೇ?

ಈ ಸಾಹಿತ್ಯವೆಲ್ಲ ಬದುಕುಳಿದವರ ಸಾಹಿತ್ಯ. ನಮ್ಮಲ್ಲೂ ಇದರ ಒಂದು ರೂಪವಿದೆ: 'ನಮ್ಮ ಮೇಷ್ಟ್ರು ಬೆತ್ತ ಮುರಿಯುವ ಹಾಗೆ ಹೊಡೆಯುತ್ತಿದ್ದರು, ಅದಕ್ಕೇ ನಾವು ನಾಲ್ಕಕ್ಷರ ಕಲಿತೆವು.' ಇದನ್ನು ಬರೆಯುವವರು ಕಲಿತವರು. ಅದೇ ಬೆತ್ತಕ್ಕೆ ಹೆದರಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಆತ್ಮಕಥೆ ಬರೆಯುವುದಿಲ್ಲ. ಹಾಗೆಯೇ 911ರ ಬಾಲ ಬೀಸಿದಾಗ ಹಿಡಿದು ನಿಲ್ಲಿಸಿದವನು ಲೇಖನ ಬರೆದ. ಹಿಡಿಯಲಾಗದವನ ಪರವಾಗಿ ಪೊಲೀಸರು ಎರಡು ಸಾಲು ಬರೆದರು. ಅಂದಿನ ಅಮೆರಿಕದ ಕಾರು ಉದ್ಯಮಕ್ಕೂ ಈ ದೃಷ್ಟಿ ಬಹಳ ಅನುಕೂಲವಾಗಿತ್ತು. ಅಪಘಾತಕ್ಕೆಲ್ಲ ಕಾರಣ ಸ್ಟಿಯರಿಂಗಿನ ಹಿಂದೆ ಕೂತಿರುವ ಸಡಿಲ 'ನಟ್ಟು' ಎಂಬ ಕುಹಕ ಆಗ ಚಾಲ್ತಿಯಲ್ಲಿತ್ತು. ತಪ್ಪು ಯಾವತ್ತೂ ಮನುಷ್ಯನದು, ಲೋಹದ್ದಲ್ಲ.

ಇಂದು ವಿಡಿಯೋಗಳಲ್ಲಿ ನಾವು ನೋಡುವ 1967ರ ಕಾರು ಕೂಡ 1967ರದ್ದಾಗಿ ಉಳಿದಿಲ್ಲ. ಅದರ ಟೈರಿನ ರಬ್ಬರು ಈ ಶತಮಾನದ್ದು, ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ ಮತ್ತೆ ಕಟ್ಟಿರುತ್ತಾರೆ, ಓಡಿಸುವವನು ನುರಿತವನು, ರಸ್ತೆ ಖಾಲಿ, ಬಿಸಿಲು ಚೆನ್ನಾಗಿದೆ. ಮಳೆಯ ರಾತ್ರಿ, ಸವೆದ ಟೈರು, ದುಡಿದು ದಣಿದ ಚಾಲಕ, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಕ್ಕಳು ಇರುವ ವಿಡಿಯೋವನ್ನು ಯಾರೂ ಮಾಡಿಲ್ಲ. ದೂರದ ಬೆಟ್ಟ ನುಣ್ಣಗೆ.

'ಮಾತು' ಎಂಬ ರೂಪಕದ ದೊಡ್ಡ ದೋಷವೂ ಇಲ್ಲೇ ಇದೆ. ಅದು ಕಾರನ್ನೂ ಚಾಲಕನನ್ನೂ ಇಬ್ಬರೇ ಪ್ರೇಮಿಗಳಂತೆ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿಬಿಡುತ್ತದೆ. ಕಾರಿನಲ್ಲಿ ಮೂರನೆಯವರಿರುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಆ ಮೂರನೆಯವರಲ್ಲಿ ಒಬ್ಬನ ಹೆಸರು ಚೆನ್ನಾಗಿ ಗೊತ್ತು: ಆಲ್ಬರ್ಟ್ ಕಾಮು. 1960ರ ಜನವರಿ 4ರಂದು ತನ್ನ ಪ್ರಕಾಶಕರ ಮನೆತನದ ಮಿಷೆಲ್ ಗಾಲಿಮಾರ್ ಓಡಿಸುತ್ತಿದ್ದ ಫಾಸೆಲ್ ವೇಗಾ ಕಾರಿನಲ್ಲಿ ಪ್ಯಾರಿಸ್ಸಿಗೆ ಹೋಗುತ್ತಿದ್ದ. ಫ್ರೆಂಚ್ ಸೊಗಸಿನ ಮೈಗೆ ಅಮೆರಿಕದ ಭಾರೀ ವಿ8 ಎಂಜಿನ್ ಕೂರಿಸಿದ ಶ್ರೀಮಂತರ ವೇಗದ ಕಾರು ಅದು. ವಿಲ್‌ಬ್ಲೆವಾಂ ಬಳಿ ಕಾರು ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ಚಾಲಕನ ಪಕ್ಕದಲ್ಲಿ ಕೂತಿದ್ದ ಕಾಮು ಅಲ್ಲೇ ಸತ್ತ, ವಯಸ್ಸು 46. ಗಾಲಿಮಾರ್ ಕೆಲವು ದಿನಗಳ ನಂತರ ತೀರಿಕೊಂಡ. ಕಾಮುವಿನ ಜೇಬಿನಲ್ಲಿ ಬಳಸದ ರೈಲು ಟಿಕೆಟ್ ಇತ್ತು ಎಂಬುದನ್ನು ನಾವು ಎಷ್ಟು ಸಲ ಓದಿದ್ದೇವೆ! ಅಸಂಗತವನ್ನು ಬರೆದವನಿಗೆ ಅಸಂಗತ ಸಾವು ಎಂದು ಎಷ್ಟು ತರಗತಿಗಳಲ್ಲಿ ಕೇಳಿದ್ದೇವೆ! ಒಡೆದದ್ದು ಟೈರೋ, ಮುರಿದದ್ದು ಅಚ್ಚೋ ಎಂಬ ಚರ್ಚೆ ಎಂದೂ ನಮ್ಮ ತರಗತಿಯೊಳಕ್ಕೆ ಬರಲಿಲ್ಲ. ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಸೀಟ್ ಬೆಲ್ಟ್ 1959ರಲ್ಲೇ, ಅಂದರೆ ಹಿಂದಿನ ವರ್ಷವೇ, ಬಂದಿತ್ತು ಎಂಬುದೂ ಬರಲಿಲ್ಲ. ಲೋಹದ ಪ್ರಶ್ನೆಯನ್ನು ನಾವು ತತ್ತ್ವದ ಪ್ರಶ್ನೆಯಾಗಿಸಿ ಕೈತೊಳೆದುಕೊಂಡೆವು. ಹಳೆಯ ಕಾರುಗಳ ಭಕ್ತರು ಮಾಡುತ್ತಿರುವುದೂ ಇದನ್ನೇ.

ಕಂಪ್ಯೂಟರ್ ಬಂದು ಚಾಲನೆಯನ್ನು ಕೊಂದಿತು ಎನ್ನುತ್ತಾರಲ್ಲ, ಆ ಕಂಪ್ಯೂಟರ್ ಮಾಡುವುದೇನು ಎಂದು ನೋಡೋಣ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಬಂತು, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಬಿಗಿದುಕೊಳ್ಳದಂತೆ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ಇಎಸ್‌ಪಿ ತಂದವು. ಚಾಲಕ ಸ್ಟಿಯರಿಂಗನ್ನು ಯಾವ ಕಡೆ ತಿರುಗಿಸಿದ್ದಾನೆ, ಕಾರು ನಿಜವಾಗಿ ಯಾವ ಕಡೆ ತಿರುಗುತ್ತಿದೆ ಎಂದು ಅದು ಹೋಲಿಸಿ ನೋಡುತ್ತದೆ. ಎರಡೂ ಬೇರೆಯಾದರೆ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ಚಾಲಕ ಕೇಳಿದ ದಾರಿಗೆ ತರುತ್ತದೆ. ನಮ್ಮ ಡ್ರೈವರುಗಳ ಭಾಷೆಯಲ್ಲಿ ಹೇಳುವುದಾದರೆ, ಹೇಳಿದ ಹಾಗೆ ಕೇಳುವುದು ಎಂದರೆ ಇದೇ.

ದುಬಾರಿ ಕಾರಿನಲ್ಲಿ ಹುಟ್ಟಿದ ಈ ಸಾಧನ ಸಣ್ಣ ಕಾರಿಗೆ ಇಳಿದದ್ದು ಒಂದು ಅವಮಾನದಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಮರ್ಸಿಡಿಸ್‌ನ ಹೊಚ್ಚ ಹೊಸ ಎ-ಕ್ಲಾಸ್ ಕಾರನ್ನು, ರಸ್ತೆಗೆ ಅಡ್ಡಬಂದ ಕಡವೆಯಂಥ ಪ್ರಾಣಿಯನ್ನು ತಪ್ಪಿಸುವ ರೀತಿಯಲ್ಲಿ, ಎಡಕ್ಕೂ ಬಲಕ್ಕೂ ಎಳೆದು ಪರೀಕ್ಷಿಸಿತು. ಕಾರು ಮಗುಚಿತು. ಕಂಪನಿ ಕಾರುಗಳನ್ನು ವಾಪಸು ಕರೆಸಿ ಎಲ್ಲದಕ್ಕೂ ಇಎಸ್‌ಪಿ ಹಾಕಿತು. ಮುಂದೆ ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ಕೊನೆಯ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು. ಬೇರೆ ವಾಹನದ ಸಂಬಂಧವಿಲ್ಲದೆ ಒಂಟಿ ಕಾರು ರಸ್ತೆ ಬಿಟ್ಟು ಸಾವಾಗುವಂಥ ಅಪಘಾತಗಳ ಸಂಭವವನ್ನು ಇದು ಸುಮಾರು ಅರ್ಧಕ್ಕೆ ಇಳಿಸಿತು ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಅಧ್ಯಯನ ಹೇಳುತ್ತದೆ. ಆತ್ಮ ಕಳೆದುಕೊಂಡ ಕಾರುಗಳು ಉಳಿಸಿದ ಜೀವಗಳ ಲೆಕ್ಕ ಇದು.

ಹಾಗಾದರೆ ಇಂದಿನ ಕಾರುಗಳೆಲ್ಲ ಚೆನ್ನಾಗಿವೆಯೇ? ಖಂಡಿತ ಇಲ್ಲ. ಆದರೆ ಬೈಯಬೇಕಾದದ್ದು ಬೇರೆಯದನ್ನು. 1973ರ 911 ಕರೇರಾ ಆರ್‌ಎಸ್‌ನ ಹಗುರ ಆವೃತ್ತಿ ಸುಮಾರು 960 ಕೆಜಿ ಇತ್ತು. ಇಂದಿನ 911 ಸುಮಾರು 1,500 ಕೆಜಿ. 2024ರ ಬಿಎಂಡಬ್ಲ್ಯೂ ಎಂ5 ಬ್ಯಾಟರಿಯನ್ನೂ ಹೊತ್ತು 2,400 ಕೆಜಿ ದಾಟಿತು. ಇಷ್ಟು ಭಾರವನ್ನು ತಿರುಗಿಸಲು ಭಾರೀ ಟೈರು ಬೇಕು. ಮೊದಲ 911ಗಳ ಟೈರು 165 ಮಿಲಿಮೀಟರ್ ಅಗಲವಿದ್ದರೆ ಇಂದು ಹಿಂದಿನವು 300ರ ಆಸುಪಾಸಿನಲ್ಲಿವೆ. ಅಂಥ ಟೈರಿನ ಹಿಡಿತ ಕೊನೆಯಾಗುವುದು ಸಾರ್ವಜನಿಕ ರಸ್ತೆಯಲ್ಲಿ ಯಾರೂ ಹೋಗಬಾರದ ವೇಗದಲ್ಲಿ. ಆದ್ದರಿಂದಲೇ ಸಾಧಾರಣ ವೇಗದಲ್ಲಿ ಕಾರು ಏನನ್ನೂ ಹೇಳುವುದಿಲ್ಲ. ಮೌನಕ್ಕೆ ಮುಖ್ಯ ಕಾರಣ ತೂಕ ಮತ್ತು ರಬ್ಬರು. ಬೈಗುಳ ಮಾತ್ರ ಜೀವ ಉಳಿಸುವ ಪೆಟ್ಟಿಗೆಗೆ.

ಈ ತಪ್ಪು ಬೈಗುಳದಿಂದ ಕಂಪನಿಗಳಿಗೆ ಒಳ್ಳೆಯ ವ್ಯಾಪಾರವೇ ಆಗಿದೆ. ಆತ್ಮ ಬೇಕೇ? ಸ್ಪೀಕರಿನಲ್ಲಿ ಕೊಡುತ್ತೇವೆ. 2011ರ ಎಂ5 ತನ್ನ ಎಂಜಿನ್ನಿನ ಸದ್ದನ್ನೇ ಸ್ಟೀರಿಯೋ ಮೂಲಕ ಒಳಗೆ ಕೇಳಿಸಿತು. 2023ರ ಹ್ಯುಂಡೈ ಅಯಾನಿಕ್ 5 ಎನ್ ಗೇರೇ ಇಲ್ಲದ ಎಲೆಕ್ಟ್ರಿಕ್ ಕಾರಿನಲ್ಲಿ ಗೇರು ಬದಲಾದಂತೆ ಜರ್ಕು ಕೊಡುತ್ತದೆ. ಹಳಹಳಿಕೆ ಒಂದು ಮಾರುಕಟ್ಟೆ ಎಂದು ಗೊತ್ತಾದ ಮೇಲೆ ತೂಕ ಇಳಿಸುವ ಕಷ್ಟ ಯಾರಿಗೆ ಬೇಕು?

ನಾವು ಆತ್ಮ ಎಂದು ಕರೆದದ್ದರಲ್ಲಿ ಎರಡು ಸಂಗತಿಗಳು ಬೆರೆತಿದ್ದವು. ಒಂದು ಹಗುರತನ, ಇನ್ನೊಂದು ನಿರ್ದಯತೆ. ಎರಡೂ ಒಂದೇ ಕಾರಿನಲ್ಲಿ ಬಂದದ್ದರಿಂದ ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು ನಂಬಿದೆವು. ಬಿಡಿಸಬಹುದು ಎಂಬುದಕ್ಕೆ ಸಾಕ್ಷಿಗಳಿವೆ. ಎಲಾನ್‌ನಿಂದ ಪಾಠ ಕಲಿತ ಮಾಜ್ದಾ 1989ರಲ್ಲಿ ಎಂಎಕ್ಸ್-5 ತಂದಿತು, ಸುಮಾರು 950 ಕೆಜಿ. 2015ರಲ್ಲಿ ಬಂದ ನಾಲ್ಕನೇ ಪೀಳಿಗೆಯ ಎಂಎಕ್ಸ್-5ನಲ್ಲಿ ಏರ್‌ಬ್ಯಾಗ್ ಇದೆ, ಸ್ಥಿರತೆ ಕಾಯುವ ಕಂಪ್ಯೂಟರ್ ಇದೆ, ಸ್ಟಿಯರಿಂಗಿಗೆ ಎಲೆಕ್ಟ್ರಿಕ್ ನೆರವೂ ಇದೆ. ಆದರೂ ತೂಕ 1,000 ಕೆಜಿಯ ಆಸುಪಾಸು. ಫ್ರಾನ್ಸಿನ ಆಲ್ಪೀನ್ 2017ರಲ್ಲಿ ಎ110 ಕಾರನ್ನು ಸುಮಾರು 1,100 ಕೆಜಿಯಲ್ಲಿ ಕಟ್ಟಿತು. ಎರಡೂ ಚಾಲಕನಿಗೆ ಸುಖ ಕೊಡುವ ಕಾರುಗಳೆಂದು ಹೆಸರಾದವು. ಯಾವುದಕ್ಕೂ ಹೆದರಿದವನನ್ನು ಕೊಲ್ಲುವ ಅಗತ್ಯ ಬೀಳಲಿಲ್ಲ.

ಇದು ಸಿರಿವಂತರ ಆಟಿಕೆಗಳ ಜಗಳ, ನಮಗೇನು ಎನ್ನಬಹುದು. ನಮಗೂ ಇದೆ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ, ಬಾಷ್ ಅದನ್ನು ತಂದ 41 ವರ್ಷಗಳ ನಂತರ. ಇಎಸ್‌ಪಿಯಂತೂ ಬಹುಕಾಲ ಹೆಚ್ಚು ದುಡ್ಡು ಕೊಟ್ಟವರ ಮೇಲಿನ ವೇರಿಯಂಟಿನಲ್ಲಿ, ಸನ್‌ರೂಫಿನ ಪಕ್ಕದಲ್ಲಿ, ಒಂದು ಸೌಕರ್ಯವಾಗಿ ಮಾರಾಟವಾಯಿತು. 'ಚೆನ್ನಾಗಿ ಓಡಿಸಲು ಬಂದರೆ ಇವೆಲ್ಲ ಯಾಕೆ ಬೇಕು' ಎಂದು ನಮ್ಮ ಹುಡುಗರು ಹೇಳುವಾಗ, ಅವರ ಬಾಯಲ್ಲಿ ಮಾತಾಡುತ್ತಿರುವುದು ಅರವತ್ತು ವರ್ಷದ ಹಿಂದಿನ ಆ 'ಸಡಿಲ ನಟ್ಟು' ಸಿದ್ಧಾಂತವೇ. ಆ ಮಾತು ಕಂಪನಿಗಳಿಗೆ ಹಣ ಉಳಿಸಿಕೊಡುತ್ತದೆ. ಬೆಲೆ ತೆರುವವರು ಪಕ್ಕದ ಸೀಟಿನಲ್ಲಿ, ಹಿಂದಿನ ಸೀಟಿನಲ್ಲಿ, ರಸ್ತೆಯ ಅಂಚಿನಲ್ಲಿ ಇರುತ್ತಾರೆ.

ಎಲಾನ್‌ನ ಸ್ಟಿಯರಿಂಗನ್ನು ಹೊಗಳಿ, ನನ್ನ ಅಡ್ಡಿಯಿಲ್ಲ. ಇಂದಿನ ಕಾರುಗಳು ಆನೆಯಂತೆ ಬೆಳೆದಿವೆ ಎಂದು ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಹಗುರವಾದ ಕಾರು ಕೊಡಿ ಎಂದು ಕೇಳೋಣ, ಅದರಲ್ಲಿ ಕಡಿಮೆ ಬೆಲೆಯ ಮಾದರಿಗೂ ಇಎಸ್‌ಪಿ ಇರಲಿ ಎಂದು ಒಟ್ಟಿಗೇ ಕೇಳೋಣ. ಆದರೆ ಮಳೆಯ ರಾತ್ರಿ ಹೆದರಿ ಕಾಲು ತೆಗೆದವನಿಗೆ ಮರಣದಂಡನೆ ಕೊಡುತ್ತಿದ್ದ ಯಂತ್ರವನ್ನು ಪ್ರಾಮಾಣಿಕ ಎಂದು ಕರೆಯಬೇಡಿ. ಅಂಥ ಕಾರಿನಲ್ಲಿ ಚಾಲಕನ ಪಕ್ಕ ಕೂತಿದ್ದವರಿಗೆ ಸ್ಟಿಯರಿಂಗಿನ ಯಾವ ಮಾತೂ ಕೇಳಿಸಿರಲಿಲ್ಲ.